ದೂಧಸಾಗರದ ಒಡಪು

ಮುನವಳ್ಳಿಯಿಂದ ಸವದತ್ತಿಗೆ ಬಾಡಿಗೆಯ ಟಂಟಂ ಆಟೊ ಹೊಡೆಯುವ ಸಿದ್ದರಾಮನಿಗೆ ಸಿಟ್ಟು ಬರಲಿಕ್ಕೆ ಕಾರಣ ಬೇಕಾಗಿರಲಿಲ್ಲ. ಹಿಂದಿನಿಂದ ಹಾರ್ನ್ ಹಾಕಿದವರ ಮೇಲೆ ಸಿಟ್ಟು, ನಡುದಾರಿಯಲ್ಲಿ ಇಳಿಯುತ್ತೇನೆ ಅನ್ನುವವರ ಮೇಲೆ ಸಿಟ್ಟು, ತಾನು ಅರ್ಧಕ್ಕೆ ಬಿಟ್ಟು ಬಂದ ಹೈಸ್ಕೂಲಿನ ಕಂಪೌಂಡ್ ಗೋಡೆಯ ಮೇಲೂ ಸಿಟ್ಟು. ಆ ಗೋಡೆ ಬಂದಾಗ ಗಾಡಿಯ ವೇಗ ತಾನಾಗೇ ಏರುತ್ತಿತ್ತು.

ಒಂಬತ್ತನೇ ತರಗತಿಯಲ್ಲಿ ಗುರುಗಳು ಭೂಪಟ ತೂಗುಹಾಕಿ, ಘಟಪ್ರಭಾ ತೋರಿಸು ಅಂದಿದ್ದರು. ಸಿದ್ದರಾಮ ಬೆರಳಿಟ್ಟದ್ದು ಮಲಪ್ರಭಾದ ಮೇಲೆ. ಹುಟ್ಟಿದಾಗಿನಿಂದ ಈಸಿದ್ದು, ಎಮ್ಮೆ ಮೈ ತೊಳೆದದ್ದು ಅದೇ ಹೊಳೆಯಲ್ಲಿ; ನೀಲಿ ಗೆರೆ ಕಂಡಲ್ಲೆಲ್ಲ ಅವನಿಗೆ ಮಲಪ್ರಭಾನೇ. "ನಿಮ್ಮೂರ ಹೊಳಿ ಬಿಟ್ಟ ದೇಶದಾಗ ಬ್ಯಾರೆ ನೀರ ಇಲ್ಲೇನಲೇ?" ಅಂದರು ಗುರುಗಳು. ಹುಡುಗಿಯರ ಸಾಲೂ ನಕ್ಕಿತು. ಅವತ್ತೇ ಕಂಪೌಂಡ್ ಗೋಡೆ ಹಾರಿ ಓಡಿದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಅಂಥವನಿಗೆ ಹೆಂಡತಿಯಾಗಿ ಬಂದವಳು ಬೈಲಹೊಂಗಲದ ನೀಲಾ. ಬಿ.ಎ. ಮುಗಿಸಿದವಳು. ಹೆಣ್ಣು ನೋಡಲು ಹೋದಾಗ ಅವಳು ಕೇಳಿದ್ದು ಒಂದೇ ಮಾತು: "ಮುಂದ ಓದಾಕ ಬಿಡ್ತೀರಿ?" ಸಿದ್ದರಾಮ ಎದೆ ಉಬ್ಬಿಸಿ, "ಬಿಡೂದ್ ಏನ್ ಬಂತ್ರಿ, ನಾನ ಓದಸ್ತೇನಿ" ಅಂದುಬಿಟ್ಟಿದ್ದ. ಅಂದದ್ದಕ್ಕೆ ತಪ್ಪಲೂ ಇಲ್ಲ. ಊರವರು ತಲಾಠಿ ನೌಕರಿ ಅನ್ನುವ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆಗೆ ಅವಳು ಓದಲು ಕೂತಾಗ, ಸಂಜೆ ಗಾಡಿ ನಿಲ್ಲಿಸಿ ಕೈಕಾಲು ತೊಳೆದು, ಪುಸ್ತಕ ಹಿಡಿದು ಪ್ರಶ್ನೆ ಕೇಳುವ ಕೆಲಸ ಅವನದಾಯಿತು. ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತಿದ್ದ. ಅವಳು ತಾಳಿಕೊಂಡು ಕೂತಿರುತ್ತಿದ್ದಳು. ಆದರೆ ಉತ್ತರ ತಪ್ಪಿದಳೋ, ಇವನೇ ಗುರುಗಳಾಗಿಬಿಡುತ್ತಿದ್ದ. "ತಪ್ಪಾತು. ಮೊದಲಿಂದ ಹೇಳು!" ಆ ಮಾತು ಹೇಳುವಾಗ ಒಳಗೆ ಏನೋ ಸಿಹಿ ಅನಿಸುತ್ತಿತ್ತು. ಅದು ಯಾಕೆ ಸಿಹಿ ಅಂತ ಆಗ ಅವನು ವಿಚಾರ ಮಾಡಲಿಲ್ಲ.

ಜಲಪಾತಗಳ ಪಾಠದಲ್ಲಿ ಬಂಡಿ ಹೂತುಬಿಟ್ಟಿತು. ಯಾವ ನದಿ, ಯಾವ ರಾಜ್ಯ, ಯಾವ ಜಲಪಾತ, ಒಂದಕ್ಕೊಂದು ಕಲೆಸಿಹೋಗುತ್ತಿದ್ದವು.

"ಪಹಣಿ ತಗದು ಕೊಡಾಕ ಮೇಘಾಲಯದ ನೀರ ಯಾಕ ಬೇಕಂತ?" ಅಂತ ಸಿದ್ದರಾಮ ಪುಸ್ತಕಕ್ಕೇ ಬೈದ. "ನಮ್ಮ ಸೊಗಲದಾಗ ಬೀಳೂ ನೀರ ಎಲ್ಲೈತಿ ಇದರಾಗ? ಮದವ್ಯಾದ ಹೊಸತರಾಗ ಹೋಗಿದ್ದಿಲ್ಲ ನಾವು? ಅದೇನ್ ಬಚ್ಚಲ ನೀರೇನ?"

"ಸೊಗಲ ಕೇಳೂದಿಲ್ರಿ ಅವ್ರು" ಅಂದಳು ನೀಲಾ. ಆಮೇಲೆ ಪುಸ್ತಕದಲ್ಲಿದ್ದ, ಲಾಳದಂತೆ ಬಾಗಿದ ಜಲಪಾತದ ಚಿತ್ರ ನೋಡುತ್ತ, ತುಟಿಯಲ್ಲೇ ಏನೋ ಕೂಡಿಸಿ, ನಾಚಿಕೊಂಡು ಒಂದು ಒಡಪು ಹೇಳಿದಳು.

"ಇಂದ್ರಾವತಿ ಬಿದ್ದಲ್ಲಿ ಚಿತ್ರಕೋಟ, ಛತ್ತೀಸಗಡದಾಗ ಕುದರಿ ಲಾಳ, ಸಿದ್ದರಾಮ ಅವರ ಮನಿಗೆ ಬಂದೇನಿ, ತುಂಬೇತಿ ನನ್ನ ಬಾಳ."

ಆ ಕಡೆಯ ಹೆಂಗಸರು ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ನಾಲ್ಕು ಜನ ಅಡ್ಡ ನಿಂತು ಕಾಡಿದಾಗ, ಒಡಪು ಕಟ್ಟಿ, ಅದರ ನಡುವೆ ಸಿಕ್ಕಿಸಿ ಹೇಳುತ್ತಾರೆ. ನೀಲಾ ಅದೇ ಹಗ್ಗದಿಂದ ಜಲಪಾತಗಳನ್ನು ಕಟ್ಟಿದಳು. ಸಿದ್ದರಾಮನಿಗೆ ಮೊದಲ ಸಲ ಕಿವಿ ಕೆಂಪಾಯಿತು. ತನ್ನ ಹೆಸರು ಅಷ್ಟು ದೂರ ಹೋಗಬಲ್ಲದು ಅಂತ ಅವನಿಗೆ ಗೊತ್ತಿರಲಿಲ್ಲ. ದಿನಕ್ಕೊಂದು ಹೊಸ ಒಡಪು ಹುಟ್ಟಿತು. "ಸುವರ್ಣರೇಖಾಕ್ಕ ಹುಂಡ್ರು ಜಲಪಾತ, ಝಾರ್ಖಂಡದಾಗ ಬಂಗಾರದ ಗೆರಿ, ಸಿದ್ದರಾಮ ಅವರ ಟಂಟಂ ಬಂತು, ಹಾದಿ ಬಿಟ್ಟ ಸರೀರಿ!" ಅಂದಾಗ, ಒಳಗೆ ರೊಟ್ಟಿ ಬಡಿಯುತ್ತಿದ್ದ ಅವನವ್ವ ಮುದಕವ್ವ ಕೈ ನಿಲ್ಲಿಸಿ ನಕ್ಕಿದ್ದಳು.

ಇದೆಲ್ಲ ಮನೆಯೊಳಗೆ ಇದ್ದಷ್ಟು ದಿನ ಚೆನ್ನಾಗಿತ್ತು.

ಓಣಿಯ ಗುರುಬಸವ್ವನ ಮಗಳು ಮಹಾನಂದಾನ ಕುಬಸ ಇತ್ತು. ಬಸುರಿಗೆ ಹಸಿರು ಬಳೆ ಇಟ್ಟು, ಉಡಿ ತುಂಬಿ, ಊಟವಾದ ಮೇಲೆ ಹೆಂಗಸರು ಬಾಗಿಲಿಗೆ ಅಡ್ಡ ನಿಂತರು. ಗಂಡನ ಹೆಸರು ಹೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಅದೇ ಹೊತ್ತಿಗೆ ಹೆಂಡತಿಯನ್ನು ಕರೆದೊಯ್ಯಲು ಬಂದ ಸಿದ್ದರಾಮ ಅಂಗಳದಲ್ಲಿ ಗಾಡಿ ನಿಲ್ಲಿಸಿದ. ಬಾಗಿಲ ತುಂಬ ಸೀರೆಗಳೇ. ನಡುವೆ ನೀಲಾನ ಧ್ವನಿ.

"ಮಾಂಡೋವಿ ನದಿ ಮ್ಯಾಲ ದೂಧಸಾಗರ, ಗೋವಾದಾಗ ಹಾಲಿನ ಹೊಳಿ, ಸಿದ್ದರಾಮ ಅವರ ಹೆಸರ ಹೇಳತೇನಿ, ಕೊರಳಾಗ ಅವರ ತಾಳಿ."

"ಅಯ್ಯ ಇದನ್ನ ಎಲ್ಲಿಂದ ತಂದೆವಾ!" ಅಂತ ಹೆಂಗಸರು ಕೂಗಿದರು. ಗುರುಬಸವ್ವ ಅವಳ ಗಲ್ಲ ಹಿಡಿದು, "ಭಾಳ ಶಾಣ್ಯಾ ಅದಿ. ಇಷ್ಟೆಲ್ಲಾ ಯಾರ ಕಲಿಸ್ಯಾರ?" ಅಂದಳು.

"ಅವರ ಕೇಳ್ತಾರ್ರಿ ನನಗ ಪ್ರಶ್ನಿ. ತಪ್ಪಿದ್ರ ಬಿಡೂದಿಲ್ಲ" ಅಂದಳು ನೀಲಾ. ಅವಳ ಮಾತಿನಲ್ಲಿ ಹೆಮ್ಮೆ ಇತ್ತು. ಸಿದ್ದರಾಮನಿಗೆ ಅದು ಕೇಳಿಸಿತು ಕೂಡ. ಕೇಳಿಸಿಯೂ ಮುಂದಿನದು ನಡೆಯಿತು.

ಗುಂಪಿನಲ್ಲಿ ಒಬ್ಬಾಕೆ, "ಯಾರು, ನಮ್ಮ ಸಿದ್ದ? ಸಾಲಿ ಗ್ವಾಡಿ ಹಾರಿ ಓಡಿಬಂದಾವ ಇನ್ನೊಬ್ಬರಿಗೆ ಸಾಲಿ ಕಲಿಸ್ತಾನು?" ಅಂದಳು. ನಗು ಎದ್ದಿತು. ಆಕೆಯೇ ಮುಂದುವರಿಸಿದಳು: "ನೋಡ್ರೆವಾ, ಅಲ್ಲೇ ನಿಂತಾನ. ಬಾ ತಮ್ಮಾ, ನೀನೂ ಒಂದ್ ಹೇಳು. ಗಂಡಸರು ಹೆಂಡತಿ ಹೆಸರ ಹೇಳಬಾರ್ದಂತ ಏನಿಲ್ಲ. ಹೇಳು, ನೀಲಾನ ಹೆಸರ ಹಾಕಿ ಒಂದ್ ಜಲಪಾತ ಹೇಳು!"

ಎಲ್ಲರೂ ಅವನತ್ತ ತಿರುಗಿದರು. ಸಿದ್ದರಾಮನಿಗೆ ಎದುರು ಕಂಡದ್ದು ಹೆಂಗಸರಲ್ಲ, ಹುಡುಗಿಯರ ಸಾಲು. ಭೂಪಟ. ಬೆರಳು. ಒಂದು ನದಿಯ ಹೆಸರೂ ನಾಲಿಗೆಗೆ ಬರಲಿಲ್ಲ. ನೀಲಾನತ್ತ ತಿರುಗಿದಾಗ ಬಂದದ್ದು ಬೇರೆ.

"ನನ್ನ ಹೆಸರೇನ್ ಓಣ್ಯಾಗ ಬಿದ್ದೈತೇನ, ಕಂಡಕಂಡಲ್ಲೆ ಆಡಾಕ? ಏ, ಇನ್ನ ಮ್ಯಾಲೆ ನನ್ನ ಹೆಸರ ನಿನ್ನ ಬಾಯಾಗ ಬರಬಾರ್ದ. ಬಂದ್ರ ನೋಡ!"

ಮಹಾನಂದಾ ಹಸಿರು ಬಳೆಗಳ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಗುರುಬಸವ್ವನ ಕೈಯಲ್ಲಿ ಇನ್ನೂ ಕುಂಕುಮದ ಬಟ್ಟಲಿತ್ತು. ಆಕೆ ಮೆಲ್ಲಗೆ, "ಯಪ್ಪಾ, ಉಡಿ ತುಂಬಿದ ಮನ್ಯಾಗ ಇಂಥಾ ಮಾತ ಆಡಬಾರ್ದು. ಮುತ್ತೈದಿಗೆ ಗಂಡನ ಹೆಸರ ಬ್ಯಾಡ ಅನಬಾರ್ದು. ಹಿಂದಕ್ಕ ತಗೋ" ಅಂದಳು.

ಅವನು ಹಿಂದಕ್ಕೆ ತಗೊಳ್ಳಲಿಲ್ಲ. ಗಾಡಿ ಶುರು ಮಾಡಿದ. ನೀಲಾ ತಲೆ ತಗ್ಗಿಸಿ ಬಂದು ಹಿಂದಿನ ಸೀಟಿನಲ್ಲಿ ಕೂತಳು, ಪ್ಯಾಸೆಂಜರ್ ಕೂತ ಹಾಗೆ.

ಆ ಸಂಜೆಯೂ ಅವಳು ಪುಸ್ತಕ ತಂದು ಅವನ ಮುಂದಿಟ್ಟಳು. ಅತ್ತಿರಲಿಲ್ಲ, ಮುಖ ಊದಿಸಿರಲಿಲ್ಲ. ಅದೇ ಅವನಿಗೆ ಸಹಿಸಲಾಗಲಿಲ್ಲ.

"ಚಿತ್ರಕೋಟ" ಅಂದ.

"ಇಂದ್ರಾವತಿ ಬಿದ್ದಲ್ಲಿ ಚಿತ್ರಕೋಟ, ಛತ್ತೀಸಗಡದಾಗ ಕುದರಿ ಲಾಳ…" ನೀಲಾ ನಿಂತಳು. ಹೆಸರು ಬರಬೇಕಾದಲ್ಲಿ ಒಂದು ಉಸಿರು ತೆಗೆದುಕೊಂಡಳು. "…ಮನಿಗೆ ಬಂದೇನಿ, ತುಂಬೇತಿ ನನ್ನ ಬಾಳ."

ಹುಂಡ್ರುವಿನಲ್ಲೂ ಹಾಗೇ. ದೂಧಸಾಗರದಲ್ಲೂ ಹಾಗೇ. ಹಲ್ಲು ಬಿದ್ದ ಸಂದಿಯಂತೆ ಆ ಖಾಲಿ ಜಾಗ. ಕೆಲವೊಮ್ಮೆ ಉಸಿರಿನ ಆಚೆಗೆ ಉಳಿದ ಸಾಲೇ ಜಾರಿಹೋಗುತ್ತಿತ್ತು, ಅದರ ಜೊತೆ ನದಿಯೂ. ಅವಳು ಕಣ್ಣು ಮುಚ್ಚಿ ಹುಡುಕುತ್ತಿದ್ದಳು. "ತಪ್ಪಾತು" ಅನ್ನಲು ಈಗ ಅವನಿಗೆ ಬಾಯಿಲ್ಲ.

"ಪೂರಾ ಹೇಳು" ಅಂದ ಒಂದು ದಿನ, ಗೋಡೆ ನೋಡುತ್ತ.

"ನೀವ ಬ್ಯಾಡ ಅಂದೀರಲ್ರಿ."

"ಮನ್ಯಾಗ ಹೇಳಿದ್ರ ಏನಾಗೂದಿಲ್ಲ."

"ಮನ್ಯಾಗ ಅಂದಿದ್ರ ಮನ್ಯಾಗ ಹೇಳ್ತಿದ್ದೆ" ಅಂದಳು ನೀಲಾ, ಪುಸ್ತಕದ ಹಾಳೆ ಮಗುಚಿದಳು.

ಮುದಕವ್ವ ಮಗನಿಗೆ ಊಟಕ್ಕೆ ಬಡಿಸುತ್ತ ಒಂದೇ ಸಲ ಹೇಳಿದಳು: "ಎಲ್ಲಿ ಉಗುಳಿದಿ, ಅಲ್ಲೇ ಒರಸಬೇಕ್ ತಮ್ಮಾ. ಒಲಿ ಮುಂದ ಒರಸಿದ್ರ ನಡಿಯೂದಿಲ್ಲ." ಏನು ಮಾಡಬೇಕು ಅಂತ ಅವನಿಗೆ ಮೊದಲೇ ಗೊತ್ತಿತ್ತು. ಅದೇ ಹೆಂಗಸರ ಮುಂದೆ ಬಾಯಿ ತೆಗೆಯಬೇಕು. ಓಣಿಯಲ್ಲಿ ಗುರುಬಸವ್ವ ಎದುರು ಬಂದರೆ ಅವನು ಬೇರೆ ಸಂದಿ ಹಿಡಿಯುತ್ತಿದ್ದ. ರಸ್ತೆಯಲ್ಲಿ ಯಾರಿಗೂ ಹೆದರದವನು ಒಬ್ಬ ಮುದುಕಿಗೆ ಹೆದರಿ ಓಡಾಡುತ್ತಿದ್ದ. ರಾತ್ರಿ ನೀಲಾನ ಬೆನ್ನಿಗೆ ಬೆನ್ನು ಮಾಡಿ ಮಲಗಿ, ತನ್ನ ಹೆಸರನ್ನು ತಾನೇ ಮನಸ್ಸಿನಲ್ಲಿ ಹೇಳಿಕೊಂಡರೆ ಅದು ಯಾರೋ ಬೇರೆಯವನದು ಅನಿಸುತ್ತಿತ್ತು.

ಪರೀಕ್ಷೆಯ ರವಿವಾರ ಬಂತು. ಕೇಂದ್ರ ಸವದತ್ತಿಯಲ್ಲಿ. ಅವತ್ತೇ ಗುರುಬಸವ್ವ ಮತ್ತು ಓಣಿಯ ಹೆಂಗಸರು ಯಲ್ಲಮ್ಮನ ಗುಡ್ಡಕ್ಕೆ ಹೊರಟಿದ್ದರು. ಕೂತದ್ದು ಇವನ ಗಾಡಿಯಲ್ಲೇ. ಬಾಗಿಲಿಗೆ ಅಡ್ಡ ನಿಂತವರೆಲ್ಲ ಬೆನ್ನ ಹಿಂದೆ ತೊಡೆಗೆ ತೊಡೆ ತಾಗಿಸಿ ಕೂತಿದ್ದಾರೆ, ನಡುವೆ ನೀಲಾ. ಇದಕ್ಕಿಂತ ಬೇರೆ ಹೊತ್ತು ಸಿಗುವುದಿಲ್ಲ. ನವಿಲುತೀರ್ಥ ಬರಲಿ, ಅಲ್ಲಿ ಹೇಳುತ್ತೇನೆ ಅಂದುಕೊಂಡ. ನವಿಲುತೀರ್ಥ ಬಂತು, ಅಣೆಕಟ್ಟಿನ ನೀರು ಹೊಳೆಯಿತು, ಹಿಂದಾಯಿತು. ಮುಂದಿನ ತಿರುವಿನಲ್ಲಿ ಅಂದುಕೊಂಡ. ತಿರುವುಗಳೂ ಮುಗಿದವು.

ಸವದತ್ತಿಯಲ್ಲಿ ಹೆಂಗಸರು ಇಳಿದು ಗುಡ್ಡದ ಬಸ್ಸು ಹಿಡಿದರು. ಕೇಂದ್ರದ ಗೇಟಿನಲ್ಲಿ ಕಿವಿಯದು ಮೂಗಿನದು ತೆಗೆಸುತ್ತಿದ್ದರು. ನೀಲಾ ಬೆಂಡೋಲೆ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. "ಬರತೇನ್ರಿ" ಅಂದಳು. ಅವನಿಗೆ ಹೇಳಬೇಕಾದದ್ದು ನೂರು ಇತ್ತು, "ಹೂಂ" ಅಂದ. ಬೆಂಡೋಲೆ ಇನ್ನೂ ಬೆಚ್ಚಗಿದ್ದವು. ಅವಳು ಹೊರಬರುವವರೆಗೂ ಬೇವಿನ ನೆರಳಲ್ಲಿ ಮುಷ್ಟಿ ಬಿಚ್ಚದೆ ನಿಂತ. ಸ್ಟ್ಯಾಂಡಿನಿಂದ ಕರೆ ಬಂದರೂ ಬಾಡಿಗೆಗೆ ಹೋಗಲಿಲ್ಲ.

ಮಧ್ಯಾಹ್ನ ಗಂಟೆ ಹೊಡೆಯಿತು. ನೀಲಾ ಹೊರಗೆ ಬಂದು ಬೆಂಡೋಲೆ ಹಾಕಿಕೊಂಡಳು. ಗುಡ್ಡದಿಂದ ಇಳಿದ ಹೆಂಗಸರೂ ಹಣೆತುಂಬ ಅರಿಶಿನದ ಭಂಡಾರ ಬಡಿದುಕೊಂಡು ಬಂದು ಗಾಡಿ ಹತ್ತಿದರು.

"ಜಲಪಾತ ಬಂದಿದ್ವೇನ?" ಅಂತ ಸಿದ್ದರಾಮ ಕೇಳಿದ, ಕನ್ನಡಿಯಲ್ಲಿ ನೀಲಾನ ಮುಖ ನೋಡುತ್ತ.

"ಬಂದಿತ್ರಿ. ಇಂದ್ರಾವತಿ ಕೇಳಿದ್ರು."

"ಬರದಿ?"

"ಬರದೆ." ಅವಳು ಕಿವಿಯ ತಿರುಪು ಬಿಗಿ ಮಾಡುತ್ತ, ಸಿಟ್ಟಿಲ್ಲದೆ, ಅಡುಗೆಗೆ ಉಪ್ಪು ಸಾಕು ಅಂತ ಹೇಳುವ ಧ್ವನಿಯಲ್ಲಿ ಅಂದಳು: "ಮೊದ್ಲ ಜರಾ ತ್ರಾಸ ಆಗತಿತ್ರಿ. ಈಗ ಹೆಸರ ಇಲ್ಲದ ನೆನಪ ಬರತಾವು. ರೂಢಿ ಆತು."

ರೂಢಿ ಆತು. ಅವನನ್ನು ಯಾರೂ ಇಷ್ಟು ಮೆಲ್ಲಗೆ ಹೊಡೆದಿರಲಿಲ್ಲ. ಗುರುಗಳ ಮಾತಿಗೆ ಗೋಡೆ ಹಾರಿ ಓಡಬಹುದಿತ್ತು. ಇದಕ್ಕೆ ಓಡಲು ಗೋಡೆಯೇ ಇರಲಿಲ್ಲ. ಅವನು ಶುರುವಾಗಿದ್ದ ಗಾಡಿಯನ್ನು ಬಂದ್ ಮಾಡಿದ. ಸೀಟಿನಲ್ಲೇ ಹಿಂದಕ್ಕೆ ಹೊರಳಿ ಕೂತ.

"ಏನಾತೋ? ಡೀಸೆಲ್ ತೀರಿತೇನ?" ಅಂದಳು ಗುರುಬಸವ್ವ.

"ಇಲ್ಲ ದೊಡ್ಡವ್ವಾ. ಅವತ್ತ ನೀವ್ ಒಂದ್ ಒಡಪ ಹೇಳಂದಿದ್ರಿ." ಎಷ್ಟೋ ದಿನದಿಂದ ಖಾಲಿ ಗಾಡಿ ಓಡಿಸುವಾಗ ಕಟ್ಟಿದ್ದು ಅದು. ಕಣ್ಣನ್ನು ಯಾರ ಮುಖದ ಮೇಲೂ ಇಡಲಾಗದೆ, ಭಂಡಾರದ ಗಂಟಿನ ಮೇಲೆ ಇಟ್ಟು ಹೇಳಿದ.

"ಗೋಕಾಕದಾಗ ಮಲಪ್ರಭಾ ಬಿತ್ತು, ಕಲ್ಲಿಗೆ ಬಡದು ನೊರಿನೊರಿ, ನೀಲಾನ ಹೆಸರ ಹೇಳತೇನಿ, ಆಡಿದ ಮಾತ ಮರೀರಿ."

ನೀಲಾ ತಲೆ ಎತ್ತಿದಳು.

"ಘಟಪ್ರಭಾ" ಅಂದಳು.

"ಆಂ?"

"ಗೋಕಾಕದಾಗ ಬೀಳೂದು ಘಟಪ್ರಭಾರಿ. ಮಲಪ್ರಭಾ ಅಲ್ಲ."

ಗಾಡಿಗೆ ಗಾಡಿಯೇ ನಕ್ಕಿತು. ಒಬ್ಬಾಕೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಹೊಳಿ ದಂಡ್ಯಾಗ ಹುಟ್ಟಿ ಹೊಳಿ ತಪ್ಪಿದ್ಯಲ್ಲೋ!" ಅಂತ ಗುರುಬಸವ್ವ ಅವನ ಬೆನ್ನಿಗೆ ಗುದ್ದಿದಳು. ರಸ್ತೆಯಲ್ಲಿ ಹೋಗುವವರೂ ನಿಂತು ನೋಡಿದರು. ಅದೇ ನದಿ, ಅದೇ ತಪ್ಪು, ಅದೇ ನಗು. ಸಿದ್ದರಾಮನ ಕಾಲುಗಳು ಕೆಳಗಿಳಿದು ಓಡಲು ತಯಾರಾಗಿದ್ದವು. ಅವನು ಸೀಟಿನ ಕಬ್ಬಿಣ ಹಿಡಿದುಕೊಂಡು ಕೂತ. ನಗಲಿ. ಮುಖ ಕಿವಿತನಕ ಸುಡುತ್ತಿತ್ತು.

ನೀಲಾ ಮಾತ್ರ ನಗಲಿಲ್ಲ. ಅವನನ್ನೇ ನೋಡುತ್ತಿದ್ದಳು. ಅವಳು ಒಡಪಿನಲ್ಲಿ ಗಂಡನ ಹೆಸರು ಹೇಳಿಯಾಳು ಅಂತ ಅವನು ಕಾದ. ಹೇಳಲಿಲ್ಲ. ನಗು ಇಳಿಯುವವರೆಗೆ ತಡೆದು, ಮಡಿಲಲ್ಲಿ ಕೈ ಕಟ್ಟಿಕೊಂಡು, ಸಂಜೆಗಳಲ್ಲಿ ಅವನು ಹೇಳುತ್ತಿದ್ದ ಅದೇ ಧ್ವನಿಯಲ್ಲಿ ಅಂದಳು:

"ತಪ್ಪಾತು. ಮೊದಲಿಂದ ಹೇಳ್ರಿ."

ಸಿದ್ದರಾಮ ಎಲ್ಲರ ಮುಂದೆ, ಮೊದಲಿನಿಂದ ಶುರು ಮಾಡಿದ.