ಫೋಟೋದಲ್ಲಿ ವಾಲಿದ ಮನೆ

೧

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಮನೆಯಿಂದಲೋ, ಫೋಟೋದಿಂದಲೋ, ಹಲ್ಲಿನ ಸೆಟ್ಟಿನಿಂದಲೋ? ಹಲ್ಲಿನ ಸೆಟ್ಟಿನಿಂದ ಶುರು ಮಾಡಿದರೆ ಇದನ್ನು ನಗೆಬರಹ ಎಂದುಕೊಳ್ಳುತ್ತೀರಿ. ಮನೆಯಿಂದ ಶುರು ಮಾಡಿದರೆ ಆಕಳಿಸುತ್ತೀರಿ. ಹಳೆಯ ಮನೆ ಎಂದ ಕೂಡಲೇ ನಿಮ್ಮಲ್ಲಿ ಕೆಲವರು ಕರ್ಚೀಫು ಹುಡುಕುವುದು ನನಗೆ ಗೊತ್ತಿಲ್ಲವೇ? ಅದನ್ನು ಒಳಗಿಡಿ. ಈ ಕಥೆಯಲ್ಲಿ ಅಳುವುದಕ್ಕೆ ಪುರುಸೊತ್ತಿಲ್ಲ.

ಮೊದಲ ಡ್ರಾಫ್ಟು ಹೀಗಿತ್ತು: 'ಸಂಜೆಯ ಹೊಂಬಿಸಿಲಿನಲ್ಲಿ ಆ ಮರದ ಮನೆ ತನ್ನ ನೆನಪುಗಳನ್ನು ಹೊದ್ದು ಮಲಗಿತ್ತು.'

(ಮನೆ ಮಲಗುವುದಿಲ್ಲ. ಹೊದೆಯುವುದೂ ಇಲ್ಲ. ಹರಿದು ಹಾಕಿದೆ.)

ಎರಡನೆಯದನ್ನು ಬರೆಯುವಾಗ ಬೆನ್ನ ಹಿಂದೆ ಯಾರೋ ಕಿಸಕ್ಕೆಂದರು. ನನ್ನ ಹೆಂಡತಿಯ ತಂಗಿ. ಕಥೆಯ ನಾಯಕಿಯೂ ಅವಳೇ, ಅದೇ ತೊಂದರೆ. ಫೋಟೋ ತೆಗೆಯುವುದು ಅವಳ ಕಸುಬು, ಕ್ಲಿಕ್ಕಿ ಎಂಬುದು ನಾನಿಟ್ಟ ಅಡ್ಡಹೆಸರು.

"ಭಾವ, 'ಬೆಳಕನ್ನು ಬೇಟೆಯಾಡುವ ಹುಡುಗಿ' ಅಂತ ಬರೆದಿದ್ದೀರಲ್ಲ, ನಾಚಿಕೆ ಆಗಲ್ವಾ? ನಲವತ್ತು ದಾಟಿದೆ ನನಗೆ. ಮಂಡಿ ನೋವು ಬೇರೆ."

"ಕಥೆಗೆ ಸ್ವಲ್ಪ ಒಗ್ಗರಣೆ ಬೇಕಮ್ಮ."

"ಒಗ್ಗರಣೆ ಸೀದಿದೆ. ನಡೆದದ್ದು ಬರೀರಿ ಸುಮ್ನೆ."

ಆಗಲಿ, ನಡೆದದ್ದನ್ನೇ ಬರೆಯುತ್ತೇನೆ. (ಎಲ್ಲ ಕಥೆಗಾರರೂ ಹೀಗೆಯೇ ಹೇಳುತ್ತಾರೆ. ಪೂರ್ತಿ ನಂಬಬೇಡಿ.)

೨

ಕ್ಲಿಕ್ಕಿ ನಮ್ಮ ಮನೆಗೆ ಬಂದದ್ದು ಈ ಊರಿನ ಮರದ ಮನೆಗಳ ಫೋಟೋ ತೆಗೆಯಲು. ಇಷ್ಟು ವರ್ಷ ಇಲ್ಲೇ ಇದ್ದರೂ ಊರಿನಲ್ಲಿ ಅಂಥ ಮನೆಗಳಿವೆ ಎಂದು ನಾನು ಗಮನಿಸಿಯೇ ಇರಲಿಲ್ಲ. ಬಸ್ಸಿನ ಕಿಟಕಿಯಿಂದ ಕಾಣುವುದು ಬೋರ್ಡುಗಳು ಮಾತ್ರ. ಅವಳ ಟ್ರೈಪಾಡು ಹೊತ್ತುಕೊಂಡು ಹೊರಟ ಮೇಲೆ ನೋಡಿ, ಅಬ್ಬಬ್ಬಾ! ಮೊಬೈಲ್ ಅಂಗಡಿಯ ಹಿಂದೊಂದು ಸಂದಿ, ಆ ಸಂದಿಯ ಹಿಂದೆ ಇನ್ನೊಂದು ಸಂದಿ, ಅದರ ಕೊನೆಗೆ ಕಂಬಗಳ ಮೇಲೆ ನಿಂತ ಒಂದು ಇಡೀ ಮನೆ! ಮನೆಯ ಕೆಳಗೆ ಒಣಹಾಕಿದ ಬಟ್ಟೆ, ಸೈಕಲ್ಲು, ನಿದ್ದೆ ಹೋದ ನಾಯಿ. ಮೇಲೆ ಮರದ ಪಟ್ಟಿಗಳ ಜಾಲರಿ, ಅದರ ಹಿಂದಿನಿಂದ ನಮ್ಮನ್ನೇ ನೋಡುತ್ತಿರುವ ಎರಡು ಕಣ್ಣು. ಬಾಗಿಲ ನೆತ್ತಿಯಲ್ಲಿ ಗಾಳಿಯಾಡಲೆಂದು ಕೊರೆದ ಹೂಬಳ್ಳಿ. ಇನ್ನೊಂದು ಕಡೆ ಮೆಟ್ಟಿಲುಗಳಿವೆ, ಹತ್ತಿದರೆ ಮೇಲೆ ಮನೆಯೇ ಇಲ್ಲ. ಕೊನೆಯ ಮೆಟ್ಟಿಲ ಮೇಲೆ ಯಾರೋ ಕುಂಡವಿಟ್ಟು ಟೊಮೇಟೊ ಬೆಳೆಸಿದ್ದಾರೆ!

ಸೆಕೆ ಎಂದರೆ ಸೆಕೆ. ಏಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸಿನ ಮೇಲೆ ಆವಿ ಕೂರುತ್ತಿತ್ತು. ಅದು ಹೋಗುವವರೆಗೂ ಕ್ಲಿಕ್ಕಿ ಕ್ಯಾಮೆರಾವನ್ನು ದುಪಟ್ಟಾದಲ್ಲಿ ಸುತ್ತಿ, ಮಗುವನ್ನು ಎತ್ತಿಕೊಂಡವಳ ಹಾಗೆ ರಸ್ತೆ ಬದಿಯಲ್ಲಿ ಶತಪಥ ಹಾಕುತ್ತಿದ್ದಳು.

ಒಂದು ಸಂಜೆ ಥಟ್ಟನೆ ನನ್ನ ತೋಳು ಹಿಡಿದು ನಿಲ್ಲಿಸಿದಳು. "ಶ್! ಕೇಳಿ ಭಾವ."

ಬಿಸಿಲು ಇಳಿದಿತ್ತು. ಎದುರಿನ ಮನೆಯ ಹಲಗೆಗಳು ತಣ್ಣಗಾಗುತ್ತಾ ಟಕ್, ಟಕ್ ಎನ್ನುತ್ತಿದ್ದವು.

"ಮನೆ ಮೈ ಮುರೀತಿದೆ," ಎಂದಳು.

(ಇದನ್ನು ನಾನು ಬರೆದಿದ್ದರೆ ಹರಿದು ಹಾಕಬೇಕಿತ್ತು. ಅವಳು ಹೇಳಿದ್ದು, ಇರಲಿ ಬಿಡಿ.)

೩

ಹಿತ್ತಲ ಗಿಡ ಮದ್ದಲ್ಲ. ಊರೆಲ್ಲ ಸುತ್ತಿ ಮುಗಿದ ಮೇಲೆ ಕೊನೆಗೆ ಕಣ್ಣಿಗೆ ಬಿದ್ದದ್ದು ನಮ್ಮ ಪಕ್ಕದ ಮನೆ. ನಮ್ಮದು ನಾಲ್ಕು ಮಹಡಿಯ ಕಾಂಕ್ರೀಟ್ ಬಿಲ್ಡಿಂಗು. ಅದಕ್ಕೆ ಅಂಟಿಕೊಂಡಂತೆ, ಕಂಬಗಳ ಮೇಲೆ, ಹಸಿರು ಬಣ್ಣ ಅರ್ಧ ಉದುರಿದ ಮರದ ಮನೆ. ಅದರಲ್ಲಿ ಇರುವಾಕೆ ದಂತವೈದ್ಯರಿಗೆ ಹಲ್ಲಿನ ಸೆಟ್ಟು ಮಾಡಿಕೊಡುತ್ತಾರೆ. ಬೀದಿಗೆಲ್ಲ ಹಲ್ಲಕ್ಕ. ಹುಟ್ಟಿದ್ದೂ ಅದೇ ಮನೆಯಲ್ಲಿ, ಕೆಲಸವೂ ಅದರ ಮುಂಗೋಣೆಯಲ್ಲೇ. ಮೇಜಿನ ಮೇಲೆ ಗುಲಾಬಿ ಮೇಣ, ಸ್ಪಿರಿಟ್ ದೀಪ, ಪ್ಲಾಸ್ಟರಿನ ಅಚ್ಚುಗಳು. ಕಿಟಕಿಯಲ್ಲಿ ಸಾಲಾಗಿ ಊರ ಜನರ ನಗು.

ಕ್ಲಿಕ್ಕಿ ಆ ಮನೆಯ ಫೋಟೋ ತೆಗೆದಳು. ಆಮೇಲೆ ನಡೆದದ್ದೇ ಎಡವಟ್ಟು. ಫೋಟೋ ಎಂದ ಮೇಲೆ ಸ್ವಲ್ಪ ಸೊಟ್ಟ ಬಂದೇ ಬರುತ್ತದೆ. ಕಂಪ್ಯೂಟರಿನಲ್ಲಿ ಹಾಕಿ, ಚಿತ್ರದೊಳಗೆ ನೇರವಾಗಿರುವ ಒಂದು ಗೆರೆ ಹುಡುಕಿ, ಉಳಿದದ್ದನ್ನೆಲ್ಲ ಅದಕ್ಕೆ ತಕ್ಕಂತೆ ತಿರುಗಿಸುವುದು ಇವರ ಪದ್ಧತಿ. ಚಿತ್ರದ ಅಂಚಿನಲ್ಲಿ ನಮ್ಮ ಬಿಲ್ಡಿಂಗಿನ ಗೋಡೆ ಇತ್ತು. ಕಾಂಕ್ರೀಟು ನೇರವಾಗಿರದೆ ಇನ್ನೇನು ಎಂದು ಅವಳು ಅದನ್ನೇ ಹಿಡಿದಳು. ಹಲ್ಲಕ್ಕನ ಮನೆ ಒಂದಿಷ್ಟು ವಾಲಿತು. ಎಷ್ಟು ಚಂದ ಕಾಣಿಸಿತು ಅಂತೀರಿ! ಈಗಲೋ ಆಗಲೋ ಬೀಳುವಂಥ ಚಂದ. ಒಂದು ಪತ್ರಿಕೆಯ ಭಾನುವಾರದ ಪುರವಣಿ ಅರ್ಧ ಪುಟ ಕೊಟ್ಟಿತು. ನಾನು ಬೀದಿಯಲ್ಲೆಲ್ಲ ತೋರಿಸಿಕೊಂಡು ಬಂದೆ.

ನಗರಸಭೆಯವರೂ ಪತ್ರಿಕೆ ಓದುತ್ತಾರೆ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ. ಹಲ್ಲಕ್ಕನಿಗೆ ನೋಟೀಸು ಬಂತು: ಮನೆ ವಾಲಿದಂತಿದೆ, ಶನಿವಾರ ಇಂಜಿನಿಯರು ಬಂದು ನೋಡುತ್ತಾರೆ, ನಿಜವಾದರೆ ಖಾಲಿ ಮಾಡಿಸಿ ಕೆಡವುತ್ತೇವೆ.

ಹಲ್ಲಕ್ಕ ಪತ್ರಿಕೆ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು.

"ಏನಮ್ಮಾ ತಾಯಿ, ಚಂದ ತೆಗೀತೀನಿ ಅಂದಿದ್ದೆ. ನನ್ನ ಮನೇನ ಕುಡುಕನ ಥರ ನಿಲ್ಸಿದ್ದೀಯಲ್ಲ!"

"ಅಕ್ಕಾ, ಮನೆ ಸ್ವಲ್ಪ ವಾಲಿದೆ ಅಂತ..."

"ನನ್ನಾಣೆಗೂ ವಾಲಿಲ್ಲ! ಮನೆ ವಾಲಿದ್ರೆ ಈ ಊರೋರ ಹಲ್ಲೆಲ್ಲಾ ವಾರೆ ಆಗ್ತಿರ್ಲಿಲ್ವೇನೆ?"

ಪತ್ರಿಕೆಯನ್ನು ಮಡಿಸಿ ಮಡಿಸಿ ಅಂಗೈಯಷ್ಟು ಮಾಡಿದರು. "ಈ ಮನೆ ಬಿಟ್ರೆ ನನಗೆ ಎಲ್ಲಿ ಕೂತು ಕೆಲಸ ಮಾಡ್ಬೇಕು ಅಂತಾನೇ ಗೊತ್ತಿಲ್ಲಮ್ಮ," ಎಂದರು. ಕ್ಲಿಕ್ಕಿಯ ಮುಖ ಸಪ್ಪಗಾಯಿತು.

೪

(ನೋಟೀಸು ಬಂದ ವಾರವೇ ಇಲ್ಲಿ ನಾನೊಂದು ಅಂತ್ಯ ಬರೆದಿದ್ದೆ. ಮನೆ ಕೆಡವುತ್ತಾರೆ, ಧೂಳೇಳುತ್ತದೆ, ಕಿಟಕಿಯಲ್ಲಿದ್ದ ಹಲ್ಲುಗಳು ಚೆಲ್ಲಾಪಿಲ್ಲಿಯಾಗುತ್ತವೆ. ಬಹಳ ಚೆನ್ನಾಗಿ ಬಂದಿತ್ತು. ಹಲ್ಲಕ್ಕ ಓದಿಸಿ ಕೇಳಿದರು. "ಏನ್ರೀ ಸಾಹಿತಿಗಳೇ, ನನ್ನ ಮನೆ ಕೆಡವಿ ನೀವು ಚಪ್ಪಾಳೆ ಗಿಟ್ಟಿಸ್ಕೊಳ್ಳೋದಾ? ಉರಿಯೋ ಮನೇಲಿ ಗಳ ಹಿರಿಯೋದು ಅಂದ್ರೆ ಇದೇ ಕಣ್ರೀ!" ಎಂದು ಎದ್ದು ಹೋದರು. ಆ ಅಂತ್ಯವನ್ನು ಕೈಬಿಟ್ಟಿದ್ದೇನೆ.)

೫

ಶನಿವಾರ ಬೆಳಗ್ಗೆ, ಇಂಜಿನಿಯರು ಬರುವ ಮೊದಲು, ನಾವೆಲ್ಲ ಹಲ್ಲಕ್ಕನ ಅಂಗಳದಲ್ಲಿದ್ದೆವು. ಕ್ಲಿಕ್ಕಿಗೆ ರಾತ್ರಿಯೆಲ್ಲ ಒಂದೇ ಸಂಶಯ: ಮನೆ ನಿಜಕ್ಕೂ ವಾಲಿದೆಯೋ ಇಲ್ಲವೋ.

"ಅಕ್ಕಾ, ಭಾರ ಇರೋದೇನಾದ್ರೂ ಕೊಡಿ. ಮೇಲಿಂದ ದಾರ ಇಳಿಬಿಟ್ಟು ನೋಡೋಣ. ದಾರ ಸುಳ್ಳು ಹೇಳಲ್ಲ."

ಹಲ್ಲಕ್ಕ ಅವಸರದಲ್ಲಿ ಕೈಗೆ ಸಿಕ್ಕಿದ್ದನ್ನು ಕಟ್ಟಿದರು. ಜಗಲಿಯ ಅಂಚಿನಿಂದ ಇಳಿದು ಬಂದದ್ದು ಪೂರ್ತಿ ಒಂದು ಸೆಟ್ಟು ಹಲ್ಲು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ. ಅತ್ತ ತೂಗಿತು, ಇತ್ತ ತೂಗಿತು, ಕಂಬದ ಪಕ್ಕದಲ್ಲಿ ನಗುತ್ತಾ ನಿಂತಿತು.

ದಾರ ಮತ್ತು ಕಂಬ. ಮೇಲಿಂದ ಕೆಳಗಿನವರೆಗೂ ಅಂತರ ಒಂದೇ!

"ನೇರ!" ಕ್ಲಿಕ್ಕಿ ಕಿರುಚಿದಳು. "ಭಾವ, ನೇರ ಇದೆ! ಮನೆ ನೇರ ಇದೆ!" ಮಂಡಿ ನೋವಿನವಳು ಹಾರಿದ ಹಾರಾಟ ನೀವು ನೋಡಬೇಕಿತ್ತು. ಹಲ್ಲಕ್ಕ ಅವಳನ್ನು ತಬ್ಬಿಕೊಂಡು ಬೆನ್ನಿಗೆ ಗುದ್ದಿದರು. ನಾನಂತೂ ಚಪ್ಪಲಿ ಕಳಚಿ ಹೋದರೂ ಕುಣಿದೆ. ಜೀವಮಾನದಲ್ಲಿ ಒಂದು ಕಂಬ ಕಂಡು ಇಷ್ಟು ಸಂತೋಷಪಟ್ಟವನಲ್ಲ ನಾನು.

ಕ್ಯಾಮೆರಾಕ್ಕೆ ಕೊಡೆ ಹಿಡಿದಿದ್ದ ನನ್ನ ಹೆಂಡತಿ ಮಾತ್ರ ಕುಣಿಯಲಿಲ್ಲ. ದಾರವನ್ನೇ ನೋಡುತ್ತಿದ್ದಳು. ದಾರವನ್ನಲ್ಲ, ಅದರ ಹಿಂದಿನದನ್ನು.

"ರೀ, ಈ ಮನೆ ನೇರ ಇದ್ರೆ... ನಮ್ಮದು?"

ತಿರುಗಿದೆವು. ದಾರದ ಹಿಂದೆ ನಮ್ಮ ಬಿಲ್ಡಿಂಗಿನ ಗೋಡೆಯ ಅಂಚು. ಕೆಳಗೆ ದಾರಕ್ಕೂ ಗೋಡೆಗೂ ನಡುವೆ ಕೈ ತೂರಿಸುವಷ್ಟು ಆಕಾಶ ಕಾಣುತ್ತಿತ್ತು. ದಾರದ ಗೆರೆಯನ್ನು ಕಣ್ಣಳತೆಯಲ್ಲೇ ಮೇಲಕ್ಕೆ ಎಳೆದರೆ, ನಮ್ಮ ಮನೆಯ ಕಿಟಕಿಯ ಹತ್ತಿರ ಆಳು ತೂರುವಷ್ಟಿತ್ತು.

೬

ಈ ಭಾಗ ನೀವು ಓದಲೇಬೇಕೆಂದಿಲ್ಲ. ನಮ್ಮ ಬೀರುವಿನ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಕೀಲು ಸಡಿಲ ಎಂದುಕೊಂಡು ಕಾಗದ ಮಡಿಸಿ ತುರುಕಿದ್ದೇನೆ. ಸ್ನಾನದ ನೀರು ಜಾಲರಿಯ ಕಡೆ ಹೋಗದೆ ಬಾಗಿಲ ಕಡೆ ಬರುತ್ತದೆ. ಗಾರೆಯವನನ್ನು ಬೈದಿದ್ದೇನೆ. ಸ್ವಂತ ಮನೆ ಸ್ವಾಮಿ, ಯಾರು ತಾನೆ ಅದರ ಮೇಲೆ ಸಂಶಯಪಡುತ್ತಾರೆ?

ಕಥೆಗಾರನ ತಲೆ ಓಡಿತು. ಎರಡೂ ಮನೆ ಉಳಿಯುವಂಥ ಅಂತ್ಯ ಒಂದಿತ್ತು! ಒಂದೇ ಒಂದು ವಾಕ್ಯ ಸಾಕು.

"ಇಂಜಿನಿಯರು ಕೇಳಿದ್ರೆ ಲೆನ್ಸಿನ ತಪ್ಪು ಅಂತ ಹೇಳೋಣ," ಎಂದೆ. "ಅಕ್ಕನ ಮನೆ ನೇರ ಇದೆ, ಅದನ್ನ ಅವ್ರೇ ನೋಡ್ತಾರೆ. ಫೋಟೋ ಯಾಕೆ ಹಾಗೆ ಬಂತು ಅಂದ್ರೆ, ಲೆನ್ಸು. ಕಥೆ ಮುಗೀತು."

ಕ್ಲಿಕ್ಕಿ ಸೊಂಟದ ಮೇಲೆ ಕೈಯಿಟ್ಟಳು. "ತಪ್ಪು ನನ್ನದು ಅಂತ ಊರೆಲ್ಲಾ ಡಂಗುರ ಹೊಡೀರಿ, ಒಪ್ಕೋತೀನಿ. ನನ್ನ ಲೆನ್ಸಿನ ಮೇಲೆ ಹಾಕಿದ್ರೆ ಸರಿ ಇರಲ್ಲ."

"ನಿನ್ನ ಲೆನ್ಸಿಗೆ ಮಾನ ಹೋಗುತ್ತೇನೆ?"

"ಹೋಗುತ್ತೆ!"

"ರೀ," ಎಂದಳು ಹೆಂಡತಿ, ಮೆಲ್ಲಗೆ. "ಅಲ್ಲಿ ಮಲಗೋರು ನಾವೇ ತಾನೆ? ಗೋಡೆ ಕುಸಿದ್ರೆ ನಿಮ್ಮ ಕಥೆ ಬಂದು ಹಿಡ್ಕೊಳ್ಳುತ್ತಾ?"

ಎಲ್ಲಿಗೆ ಹೋಗುವುದು ಎಂದು ಕೇಳಿದೆ. ಅದು ಅವಳಿಗೂ ಗೊತ್ತಿರಲಿಲ್ಲ. ಸಿಟ್ಟು ಬಂತು, ಭಯವಾಯಿತು. ಆದರೂ ಒಳಗೊಳಗೇ ಎಂಥಾ ಕಥೆ ಸಿಕ್ಕಿತು ಎಂಬ ಪುಳಕ ಬೇರೆ. (ನನ್ನನ್ನು ಏನು ಬೇಕಾದರೂ ಬೈಯಿರಿ.)

೭

ಇಂಜಿನಿಯರು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಪುರವಣಿಯ ಆ ಪುಟ. ತೂಗುತ್ತಿದ್ದ ಹಲ್ಲು ಕಂಡು ಎರಡು ಹೆಜ್ಜೆ ಹಿಂದೆ ಸರಿದರು, ಆಮೇಲೆ ನಕ್ಕರು. ತಮ್ಮದೇ ಉಪಕರಣ ತೆಗೆದು ಕಂಬ ಕಂಬಕ್ಕೂ ಹಿಡಿದರು, ನೆಲದ ಹಲಗೆಗಳ ಮೇಲೆ ಇಟ್ಟರು, ತೊಲೆಗಳನ್ನು ಬೆರಳಿನಿಂದ ಬಡಿದು ನೋಡಿದರು. ಹಲ್ಲಕ್ಕ ಸೆರಗಿನ ತುದಿ ಕಚ್ಚಿಕೊಂಡು ಹಿಂದೆ ಹಿಂದೆಯೇ ಓಡಾಡಿದರು.

"ಈ ಮನೆ ನನಗಿಂತ ನೆಟ್ಟಗಿದೆಯಮ್ಮ. ಯಾರೂ ಕೆಡವೋದಿಲ್ಲ, ನಿಶ್ಚಿಂತೆಯಾಗಿರಿ."

ಹಲ್ಲಕ್ಕ ಕುಸಿದು ಮೆಟ್ಟಿಲ ಮೇಲೆ ಕೂತು, ಎರಡು ಕೈಯಲ್ಲೂ ಕಂಬ ಹಿಡಿದುಕೊಂಡು ಅತ್ತೇಬಿಟ್ಟರು. ನನಗೂ ಕಣ್ಣು ತುಂಬಿತು. (ಅಳುವುದಕ್ಕೆ ಪುರುಸೊತ್ತಿಲ್ಲ ಎಂದಿದ್ದೆ, ಕ್ಷಮಿಸಿ.)

ಇಂಜಿನಿಯರು ಹೊರಟವರು ನಿಂತರು. ಪತ್ರಿಕೆ ಬಿಡಿಸಿ ನೋಡಿದರು. "ಹಾಗಾದ್ರೆ ಇದರಲ್ಲಿ ವಾಲಿರೋದು ಏನು?"

ಕ್ಲಿಕ್ಕಿ ನನ್ನ ಕಡೆ ನೋಡಿದಳು. "ಕಥೆ ನಿಮ್ಮದು ಭಾವ. ನೀವೇ ಹೇಳಿ."

ಬಾಯಿ ತೆರೆದೆ. ಲೆನ್ಸು ನಾಲಗೆಯ ತುದಿಯಲ್ಲೇ ಇತ್ತು. ಆಗ ಹಲ್ಲಕ್ಕ ಕಣ್ಣೊರೆಸಿಕೊಂಡು ನನ್ನ ಪಕ್ಕಕ್ಕೆ ಬಂದು ಪಿಸುಗುಟ್ಟಿದರು: "ಏನಾದ್ರೂ ಹೇಳಿ ಕಳಿಸ್ಬಿಡಿ. ಮನೆ ಹೋಗೋದು ಅಂದ್ರೆ ಏನು ಅಂತ ಈ ವಾರ ನೋಡಿದ್ದೀನಿ. ನನ್ನ ಬಾಯಿಂದ ಒಂದು ಮಾತು ಹೊರಗೆ ಬರಲ್ಲ."

ಅದೊಂದು ಮಾತು ಕೇಳಿದ್ದೇ ನನ್ನ ಸುಳ್ಳು ಗಂಟಲಲ್ಲೇ ಸತ್ತಿತು. ಯಾಕೆಂದು ಸರಿಯಾಗಿ ಹೇಳಲಾರೆ. ಅವರು ನನ್ನನ್ನು ಬೈದಿದ್ದರೆ ಖಂಡಿತ ಆ ಸುಳ್ಳನ್ನು ಹೇಳಿಬಿಡುತ್ತಿದ್ದೆ.

"ಸಾರ್, ವಾಲಿರೋದು ನಮ್ಮದು," ಎಂದೆ. "ಬನ್ನಿ, ತೋರಿಸ್ತೀನಿ."

೮

ಈಗ ನೀವು ಕೇಳುತ್ತೀರಿ: ಎಷ್ಟು ವಾಲಿತ್ತು? ಖಾಲಿ ಮಾಡಿಸಿದರೇ? ರಿಪೇರಿಯಾಗುತ್ತದೆಯೇ? ಕಥೆಗಾರ ಸಂಸಾರ ಸಮೇತ ಬೀದಿಗೆ ಬಿದ್ದನೇ? ಹೇಳುವುದಿಲ್ಲ. ಮುಚ್ಚಿಡುತ್ತಿದ್ದೇನೆ ಎಂದಲ್ಲ, ನಾನಿದನ್ನು ಬರೆಯುವಾಗ ಇಂಜಿನಿಯರು ಇನ್ನೂ ನಮ್ಮ ತಾರಸಿಯ ಮೇಲೆ ಟೇಪು ಹಿಡಿದು ಓಡಾಡುತ್ತಿದ್ದಾರೆ. ಬೇಕಾದ ಅಂತ್ಯ ನೀವೇ ಹಾಕಿಕೊಳ್ಳಿ. ಮೆಟ್ಟಿಲ ಮೇಲೆ ನಡೆದದ್ದೊಂದನ್ನು ಮಾತ್ರ ಬಿಡಲಾರೆ.

ಮೊದಲ ಮಹಡಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ಮೊಮ್ಮಗಳ ಜೊತೆ. ಯಾವಾಗಲೂ ಗೋಡೆ ಹಿಡಿದುಕೊಂಡೇ ನಡೆಯುವವರು. ನಮ್ಮ ಹೆಜ್ಜೆ ಸಪ್ಪಳಕ್ಕೆ ಬಾಗಿಲು ತೆರೆದರು.

"ಯಾರಪ್ಪಾ ಇವರು?"

ಇಡೀ ಬಿಲ್ಡಿಂಗಿನಲ್ಲಿ ಮೊದಲು ಇವರಿಗೇ ಹೇಳಬೇಕಾಗಿ ಬಂತಲ್ಲ ಎಂದುಕೊಂಡೆ. "ಅಜ್ಜಿ, ನಮ್ಮ ಬಿಲ್ಡಿಂಗು ಒಂದು ಕಡೆಗೆ ವಾಲಿದ ಹಾಗಿದೆ. ನೋಡೋಕೆ ಬಂದಿದ್ದಾರೆ. ಹೆದರಬೇಡಿ."

"ವಾಲಿದೆಯಾ? ನಿಜವಾಗ್ಲೂ?"

"ಹಾಗೆ ಕಾಣುತ್ತೆ."

ಅಜ್ಜಿ ಗೋಡೆಯಿಂದ ಕೈ ತೆಗೆದರು.

"ಅಯ್ಯೋ, ನಿನ್ನ ಬಾಯಿಗೆ ಸಕ್ಕರೆ ಹಾಕ! ಇಲ್ಲಿಗೆ ಬಂದಾಗಿಂದ ನೆಲ ಒಂದು ಕಡೆ ಎಳೀತಿದೆ ಅಂತ ಬಡ್ಕೊಂಡೆ ಕಣಪ್ಪಾ, ಒಬ್ರಾದ್ರೂ ಕೇಳ್ಬೇಕಲ್ಲ! ವಯಸ್ಸಾಯ್ತು, ತಲೆ ತಿರುಗುತ್ತೆ ಅಂತ ಡಾಕ್ಟ್ರು ಮಾತ್ರೆ ಕೊಟ್ರು. ನಾನೂ ಹೌದು ಅಂತ ನುಂಗ್ತಾ ಬಂದೆ."

ಒಳಗೆ ತಿರುಗಿ, ನಾಲ್ಕು ಮಹಡಿಗೂ ಕೇಳುವ ಹಾಗೆ ಕೂಗಿದರು: "ಲೇ, ಬಾರೇ ಇಲ್ಲಿ! ನನಗೇನೂ ಆಗಿಲ್ವಂತೆ!"

ಇಂಜಿನಿಯರು ಇನ್ನೂ ಏನನ್ನೂ ಅಳೆದಿರಲಿಲ್ಲ.