‘ಒಂದು’ ಹವೀಜದ ಕಾಳು

ನಾನು ಒಂದು ಹವೀಜದ ಕಾಳು. ಬೇರೆ ಕಡೆಯವರು ಕೊತ್ತಂಬರಿ ಬೀಜ ಎನ್ನುತ್ತಾರೆ, ಇನ್ನು ಕೆಲವರು ಧನಿಯ. ಹೆಸರು ಎಷ್ಟಾದರೂ ಇರಲಿ. ನನಗೆ ಭಯವಿರುವುದು ಆ ‘ಒಂದು’ ಎಂಬ ಮಾತಿನ ಬಗ್ಗೆ.

ನವಲಗುಂದದ ಆಚೆ, ಕರಿಮಣ್ಣಿನ ಹೊಲದಲ್ಲಿ, ಕೊಡೆಯಂಥ ಹೂಗೊಂಚಲಿನ ತುದಿಯಲ್ಲಿ ಹುಟ್ಟಿದೆ. ಮೈ ಗುಂಡಗೆ, ಮೇಲೆಲ್ಲ ಗೀರು. ಒಂದು ಗೀರು ಮಾತ್ರ ಬೇರೆ ತರಹದ್ದು. ನೆತ್ತಿಯಿಂದ ಬುಡದವರೆಗೆ ಸುತ್ತಿಕೊಂಡು, ಯಾರೋ ಎರಡು ತುಂಡು ಸೇರಿಸಿ ಹೊಲಿದ ಹಾಗೆ. ಎಳೆಯ ವಯಸ್ಸಿನಲ್ಲಿ ಒಮ್ಮೆ ಸುಮ್ಮನೆ ಉಸಿರು ಬಿಗಿಹಿಡಿದು ನೋಡಿದೆ. ಹೊಲಿಗೆಯ ಆಚೆ ಉಸಿರಾಟ ನಿಲ್ಲಲಿಲ್ಲ.

ಅಂದಿನಿಂದ ನಾನು ಉಸಿರು ಬಿಗಿಹಿಡಿದಿಲ್ಲ.

ಒಣಗಿಸಿದರು, ಬಡಿದರು, ಚೀಲಕ್ಕೆ ತುಂಬಿದರು. ಧಾರವಾಡದ ಸಂತೆಯಲ್ಲಿ ನೀಲವ್ವ ಎಂಬಾಕೆ ಕೊಂಡು ತಂದು ಸ್ಟೀಲ್ ಡಬ್ಬಿಗೆ ಸುರಿದಳು. ಅಡುಗೆಮನೆಯಲ್ಲಿ ವಾರಕ್ಕೊಮ್ಮೆ ಬಾಣಲೆ ಕಾಯುತ್ತಿತ್ತು, ಆಮೇಲೆ ಮಿಕ್ಸರ್ ಕೂಗುತ್ತಿತ್ತು. ಡಬ್ಬಿಯ ತಳ ಸೇರಿ ಹೇಗೋ ಬಚಾವಾದೆ. ಪುಡಿಯಾಗುವುದಕ್ಕೆ ನಾನು ಅಂಜಲಿಲ್ಲ. ಪುಡಿಯಾದರೆ ‘ನಾನು’ ಎಂಬುದೇ ಇರುವುದಿಲ್ಲ. ಎರಡಾದರೆ? ನಾನು ಯಾವ ಕಡೆ ಹೋಗಲಿ?

ಒಂದು ಬೆಳಿಗ್ಗೆ ನೀಲವ್ವನ ಮಗಳು ಶಿವಲೀಲಾ ಒಂದು ಹಿಡಿ ಹವೀಜವನ್ನು ಕಾಗದದಲ್ಲಿ ಕಟ್ಟಿ ಕಾಲೇಜಿಗೆ ಒಯ್ದಳು. ಆ ಹಿಡಿಯಲ್ಲಿ ನಾನೂ ಇದ್ದೆ. ಸಸ್ಯಶಾಸ್ತ್ರದ ಹಂಪಿಹೊಳಿ ಮೇಡಂ ನನ್ನನ್ನು ಚಿಮಟದಲ್ಲಿ ಎತ್ತಿದರು. ಇನ್ನೊಂದು ಕೈಯಲ್ಲಿ ಬ್ಲೇಡು.

“ಇದು ಬೀಜ ಅಲ್ಲ, ಹಣ್ಣು,” ಎಂದರು. ಅಷ್ಟು ದಿನ ಬೀಜವೆಂದು ಬೀಗಿದ್ದ ನಾನು ಒಂದೇ ಮಾತಿಗೆ ಹೆದರಿ ಹಣ್ಣಾದೆ. “ಹೆಸರು ಸ್ಕಿಜೋಕಾರ್ಪ್. ಗ್ರೀಕ್ ಮಾತು. ಸ್ಕಿಜೋ ಅಂದ್ರ ಸೀಳೋದು, ಕಾರ್ಪೋಸ್ ಅಂದ್ರ ಹಣ್ಣು. ಸೀಳಿ ಎರಡಾಗೋ ಹಣ್ಣು.”

“ಮೇಡಂ, ಸ್ಕಿಜೋಫ್ರೇನಿಯಾ ಅಂತಾರಲ್ಲ, ಅದರಾಗೂ ಇದ ಸ್ಕಿಜೋ ಏನ್ರಿ?” ಶಿವಲೀಲಾ ಕೇಳಿದಳು.

“ಇದ. ಫ್ರೇನ್ ಅಂದ್ರ ಮನಸ್ಸು. ಆದ್ರ ಒಬ್ಬರು ಇಬ್ಬರಾಗ್ತಾರಂತ ಸಿನಿಮಾದಾಗ ತೋರಸ್ತಾರಲ್ಲ, ಅದು ಸುಳ್ಳು. ರೋಗ ಬಂದರೂ ಮನುಷ್ಯಾ ಒಬ್ಬನ ಇರ್ತಾನ.”

ಮನುಷ್ಯರಿಗೆ ಸುಳ್ಳು. ನನಗೆ ನಿಜ. ನನ್ನ ಹೆಸರಿನಲ್ಲೇ ನನ್ನ ಶಿಕ್ಷೆ ಬರೆದಿತ್ತು, ಅದೂ ನನಗೆ ಓದಲು ಬಾರದ ಭಾಷೆಯಲ್ಲಿ.

ಮೇಡಂ ನನ್ನನ್ನು ತಿರುಗಿಸಿ ನೋಡಿ, ಯಾಕೋ ಕೆಳಗಿಟ್ಟು, ಪಕ್ಕದ ಕಾಳನ್ನು ಎತ್ತಿಕೊಂಡರು. ಡಬ್ಬಿಯಲ್ಲಿ ನನ್ನ ಮಗ್ಗುಲಲ್ಲೇ ಮಲಗುತ್ತಿದ್ದ ಗೆಳೆಯ. ಬ್ಲೇಡು ಹೊಲಿಗೆಗೆ ತಾಗಿದ್ದೇ ತಡ, ಚಟ್ ಎಂದಿತು. ಎರಡು ಅರ್ಧಗಳು ಒಂದೇ ನಾರಿಗೆ ಜೋತುಬಿದ್ದವು. ಗೆಳೆಯ ಯಾವುದರಲ್ಲಿದ್ದಾನೆ? ಮೆಲ್ಲಗೆ ಕರೆದೆ.

ಎರಡೂ ‘ಓ’ ಎಂದವು.

ಉಳಿದವರು ಅದೇ ಪೊಟ್ಟಣದಲ್ಲಿ ಮನೆಗೆ ಮರಳಿದೆವು. ನೀಲವ್ವ ನಮ್ಮನ್ನು ಅಂಗಳದ ಕಲ್ಲಿನ ಮೇಲೆ ಹರವಿದಳು. ಪಕ್ಕದಲ್ಲಿ ಮಣ್ಣು ತುಂಬಿದ ಹಳೆಯ ಬಕೆಟ್ಟು. ಕಾಲಿನಿಂದ ಒಂದು ಚಪ್ಪಲಿ ತೆಗೆದು ಕೈಗೆ ತೆಗೆದುಕೊಂಡಳು.

ಶಿವಲೀಲಾ ಮೂಗಿನ ಮೇಲೆ ಇಲ್ಲದ ಕನ್ನಡಕ ಸರಿಪಡಿಸಿಕೊಂಡು, ಥೇಟ್ ಮೇಡಮ್ಮನ ದನಿಯಲ್ಲಿ, “ಇದು ಬೀಜ ಅಲ್ಲ ನೀಲವ್ವ, ಸ್ಕಿಜೋಕಾರ್ಪ,” ಎಂದಳು.

“ಯಾವ ಕಾರ್ಡ? ರೇಷನ್ ಕಾರ್ಡ?”

“ಕಾರ್ಪ ಬೇ ಅವ್ವಾ. ತಾನ ಸೀಳತೈತಿ ಅಂತ ಅರ್ಥ.”

“ತಾನ ಸೀಳತಿದ್ರ ನನ್ನ ಚಪ್ಪಲಿ ಯಾಕ ಸವೀತಿತ್ತು? ಅದಕ್ಕೂ ಅಂಜಿಕಿ ಇರತೈತಿ. ಬಿತ್ತೂಕಿಂತ ಮೊದಲ ಒಂದೀಟ ತಿಕ್ಕಬೇಕು.”

ಮನುಷ್ಯರಲ್ಲಿ ನನ್ನ ಅಂಜಿಕೆಯನ್ನು ಅರಿತವಳು ಇವಳೊಬ್ಬಳೇ. ಅರಿತೂ ತಿಕ್ಕಿದಳು. ಒಡೆಯರನ್ನು ಒಡೆಯರು ಎಂದು ಯಾಕೆ ಕರೆಯುತ್ತಾರೆಂದು ಚಪ್ಪಲಿಯ ಅಟ್ಟೆ ಮೇಲಿನಿಂದ ಇಳಿದು ಬರುವಾಗ ತಿಳಿಯಿತು. ಮುಗಿಲು ಮುಚ್ಚಿತು. ಹೊಲಿಗೆ ಬಿಚ್ಚಿತು. ಜನ್ಮದಲ್ಲಿ ಮೊದಲ ಸಲ ಬೆನ್ನಿಗೆ ಗಾಳಿ ತಾಗಿತು.

ಕಾಳುಗಳನ್ನೆಲ್ಲ ಬಾಚಿ ಬಕೆಟ್ಟಿಗೆ ಹಾಕಿ, ಮೇಲೆ ಮಣ್ಣೆಳೆದು ನೀರು ಚಿಮುಕಿಸಿದಳು. ಒಂದೇ ಒಂದು ಅರ್ಧ ಕಾಳು ಮಾತ್ರ ಚಪ್ಪಲಿಯ ಅಟ್ಟೆಯ ಬಿರುಕಿನಲ್ಲಿ ಸಿಕ್ಕಿಕೊಂಡಿತ್ತು. ಅವಳು ನೋಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು ಒಳಗೆ ಹೋದಳು.

ಈಗ ನಾನು ಇರುವಲ್ಲಿ ಕತ್ತಲು. ಒದ್ದೆ. ಹಾಗಾದರೆ ಮಣ್ಣಿಗೆ ಬಿದ್ದ ಅರ್ಧ ನಾನೇ ಇರಬೇಕು. ಮೈಯಿಂದ ಏನೋ ಬೆಳ್ಳಗಿನದು ಹೊರಟಿದೆ, ಕೆಳಗೆ ತಡಕಾಡುತ್ತಿದೆ, ಅದು ನನ್ನ ಮಾತು ಕೇಳುವುದಿಲ್ಲ. ಉಸಿರು ಬಿಗಿಹಿಡಿದು ನೋಡಿದೆ. ಪಕ್ಕದಲ್ಲಿ ಈಗ ಯಾರೂ ಉಸಿರಾಡುತ್ತಿಲ್ಲ. ಜೀವಮಾನವಿಡೀ ಹೆದರಿದ್ದು ಆ ಸದ್ದಿಗೆ. ಈಗ ಹೆದರುವುದು ಅದು ಇಲ್ಲದ್ದಕ್ಕೆ.

ದಿನಕ್ಕೊಮ್ಮೆ ನೀಲವ್ವ ನೀರು ಹಾಕಲು ಬರುತ್ತಾಳೆ. ಚಪ್ಪಲಿ ಬಕೆಟ್ಟಿನ ಹತ್ತಿರ ಬಂದು ನಿಲ್ಲುತ್ತದೆ. ಅದರ ಅಟ್ಟೆಯ ಬಿರುಕಿನಿಂದ, ನನ್ನದೇ ದನಿಯಲ್ಲಿ, ಯಾರೋ ಮೆಲ್ಲಗೆ ಕಥೆ ಶುರು ಮಾಡುತ್ತಾರೆ: “ನಾನು ಒಂದು ಹವೀಜದ ಕಾಳು…”

ಆಮೇಲೆ ನನ್ನನ್ನು ಕರೆಯುತ್ತಾರೆ.

ನಾನು ಇನ್ನೂ ‘ಓ’ ಎಂದಿಲ್ಲ.