ಬಾಯಿ ಮುಚ್ಚಿದ ಜೇಬು

ನಮ್ಮ ಹೊಲಿಗೆ ಕೋಣೆಗೆ ಹೊಸ ಸೂಪರ್‌ವೈಸರ್ ಬಂದಮೇಲೆ ನನ್ನ ಬೆನ್ನಿಗೆ ನೆಮ್ಮದಿಯೇ ಇಲ್ಲ. ನಮ್ಮ ಹಿಂದೆ ನಿಂತು "ಬೇಗ, ಬೇಗ" ಎನ್ನುವುದೊಂದೇ ಅವರ ಕೆಲಸ. ಮೊದಲೆಲ್ಲ ಹರಟುತ್ತ, ನಗುತ್ತ ರಾಶಿ ರಾಶಿ ಅಂಗಿ ಹೊಲಿಯುತ್ತಿದ್ದ ನಾವು ಈಗ ತುಟಿ ಬಿಗಿದು ಕೂತೆವು. ರಾಶಿ ಇಳಿಯಿತು, ತಪ್ಪು ಏರಿತು. ಮೊನ್ನೆಯಂತೂ ನಾನು ಜೇಬಿನ ಬಾಯಿಯನ್ನೇ ಹೊಲಿದು ಮುಚ್ಚಿಬಿಟ್ಟೆ.

"ಏಳಮ್ಮ, ನಾನು ತೋರಿಸ್ತೀನಿ," ಎಂದು ಸೂಪರ್‌ವೈಸರ್ ನನ್ನನ್ನು ಎಬ್ಬಿಸಿ ತಾವೇ ಮೆಷಿನ್ ಮುಂದೆ ಕೂತರು.

ಅಷ್ಟರಲ್ಲಿ ನಮ್ಮ ಒಡತಿ ಬಂದರು. ಸೂಪರ್‌ವೈಸರಿಗೆ ಹೆಣ್ಣು ಕೊಟ್ಟ ಅತ್ತೆ ಅವರೇ. ಸದ್ದಿಲ್ಲದೆ ಅಳಿಯನ ಹಿಂದೆ ನಿಂತು, "ನಡೀಲಿ, ನೋಡ್ತೀನಿ," ಎಂದರು.

ಅಳಿಯನ ಕಿವಿ ಕೆಂಪಾಯಿತು. ಮೆಷಿನ್ ಗುರ್ರೆಂದು ಓಡಿ ಗಕ್ಕನೆ ನಿಂತಿತು. ಜೇಬಿನ ಜೊತೆ ಅವರ ಅಂಗಿಯ ತೋಳೂ ಸೇರಿ ಹೊಲಿದುಹೋಗಿತ್ತು.

"ಅತ್ತೆ, ನೀವು ಹಿಂದೆ ನಿಂತ್ರೆ ನನಗೆ ಕೈಕಾಲೇ ಆಡಲ್ಲ," ಎಂದರು.

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಅತ್ತೆಯೂ ನಕ್ಕರು.

"ಬೇಗ ಬಿಡಿಸಮ್ಮ," ಎಂದು ಸೂಪರ್‌ವೈಸರ್ ನನ್ನತ್ತ ತೋಳು ಚಾಚಿದರು.

ಕತ್ತರಿ ಹಿಡಿದು ಅವರ ಹಿಂದೆ ನಿಂತೆ. ಒಂದೊಂದೇ ಹೊಲಿಗೆ ಬಿಚ್ಚುತ್ತ, "ಬೇಗ ಮಾಡಿದ್ರೆ ತಪ್ಪಾಗುತ್ತೆ ಸಾರ್," ಎಂದೆ.